ಪೋರ್ಟ್ ಬ್ಲೇರಿಗೆ ಹೊರಟವರು

ನಾಹೀದಾ ಆ ಭಾನುವಾರ ಮಧ್ಯಾಹ್ನ ಬಂದಾಗ ದುರ್ಗಾದೇವಿ ಅತ್ತೆಯ ತಲೆ ಬಾಚುತ್ತಿದ್ದಳು. ಪಡಸಾಲೆಯ ಕಿಟಕಿಯ ಕೆಳಗೆ ಹಾಕಿದ ಮಂಚದಲ್ಲಿ ಎರಡು ದಿಂಬಿಗೆ ಒರಗಿ ಫಕೀರಮ್ಮ ಕೂತಿದ್ದಳು. ಬಲಗೈ ತೊಡೆಯ ಮೇಲೆ ಯಾರೋ ಇಟ್ಟುಹೋದ ವಸ್ತುವಿನ ಹಾಗೆ ಬಿದ್ದಿತ್ತು.

"ದೊಡ್ಡವ್ವಾ, ಹೆಂಗದೀರಿ?" ಎನ್ನುತ್ತ ನಾಹೀದಾ ಮಂಚದ ತುದಿಯಲ್ಲೇ ಕೂತಳು.

"ಬ್ಯಾಡ," ಎಂದಳು ಫಕೀರಮ್ಮ, ನಗುತ್ತ.

ನಾಹೀದಾಳಿಗೆ ಅದು ರೂಢಿಯಾಗಿತ್ತು. ಅವಳೂ ದುರ್ಗಾದೇವಿಯೂ ಯಲಬುರ್ಗಾದ ಹತ್ತಿರದ ಹಳ್ಳಿಯೊಂದರ ಸರಕಾರಿ ಶಾಲೆಯಲ್ಲಿ ಶಿಕ್ಷಕಿಯರು. ಬೆಳಿಗ್ಗೆ ಒಂದೇ ಬಸ್ಸಿಗೆ ಹೋಗಿ ಸಂಜೆ ಒಂದೇ ಬಸ್ಸಿಗೆ ಮರಳುವವರು. ಒಬ್ಬಳ ಮನೆಯ ಸುದ್ದಿ ಇನ್ನೊಬ್ಬಳಿಗೆ ಗೊತ್ತಿಲ್ಲದೆ ಇರುತ್ತಿರಲಿಲ್ಲ.

"ನಮ್ಮ ಜಾಕೀರ ಫೋನ್ ಮಾಡಿದ್ದ ದುರ್ಗಾ," ಎಂದಳು ನಾಹೀದಾ. ಜಾಕೀರ ಅವಳ ತಮ್ಮ. ಅಂಡಮಾನಿನ ಪೋರ್ಟ್ ಬ್ಲೇರಿನಲ್ಲಿ ಲಾಡ್ಜೊಂದರ ಅಡುಗೆಮನೆ ನೋಡಿಕೊಳ್ಳುತ್ತಿದ್ದ. "ದಸರಾ ರಜಾಕ್ಕ ಬಂದುಬಿಡ್ರಿ ಅಕ್ಕಾ, ಎರಡು ರೂಮ್ ಹಿಡಿದಿಡತೀನಿ ಅಂದ. ನಾವಿಬ್ಬರು, ನೀವಿಬ್ಬರು. ನಾಕು ದಿನದ ಮಾತು. ಹೋಗೂದು, ನೋಡೂದು, ಬರೂದು."

"ನಮಗೆಲ್ಲಿ ಆಗತೈತಿ ಬಿಡು," ಎಂದು ದುರ್ಗಾದೇವಿ ನಕ್ಕಳು. ಬಾಚಣಿಕೆ ಮಾತ್ರ ಅತ್ತೆಯ ಬಿಳಿ ಕೂದಲಲ್ಲಿ ಅರ್ಧಕ್ಕೇ ನಿಂತಿತು.

"ನಿಮ್ಮವರ ಅಕ್ಕನ್ನ ಕರೆಸು. ಕನಕಗಿರಿ ಏನು ಪರದೇಶ ಐತೇನು? ಒಂದು ಸಲ ಕೇಳಾರ ಕೇಳು."

ಚಹಾ ಮಾಡಲು ಎದ್ದ ದುರ್ಗಾದೇವಿ ಒಲೆಯ ಮುಂದೆ ನಿಂತು, ಹಾಲು ಉಕ್ಕಿ ಚೆಲ್ಲುವ ತನಕ ಬೇರೆ ಏನೋ ಯೋಚಿಸುತ್ತಿದ್ದಳು.

ಫಕೀರಮ್ಮ ಮೊದಲು ಹೀಗಿರಲಿಲ್ಲ. ಗಂಡ ಸತ್ತ ಮೇಲೆ ಕಂಡವರ ಹೊಲದಲ್ಲಿ ಕಳೆ ತೆಗೆದು, ಕಡಲೆ ಕಿತ್ತು, ಮಗಳು ಹುಲಿಗೆವ್ವನನ್ನೂ ಮಗ ರವಿಕುಮಾರನನ್ನೂ ದೊಡ್ಡವರನ್ನಾಗಿ ಮಾಡಿದವಳು. ಅವಳ ಮಾತು ಕೇಳುವುದಕ್ಕೆಂದೇ ಕೂಲಿಯ ಹೆಂಗಸರು ಅವಳ ಪಕ್ಕದ ಸಾಲು ಹಿಡಿಯುತ್ತಿದ್ದರು. ಯಾರ ನಡಿಗೆಯನ್ನಾದರೂ, ಯಾರ ದನಿಯನ್ನಾದರೂ ಹಾಗೆ ಹಾಗೇ ಮಾಡಿ ತೋರಿಸಿ ನಗಿಸುತ್ತಿದ್ದಳು. ಮಗ ಕುಷ್ಟಗಿಯ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆದ ಮೇಲೆ ಕೂಲಿ ಬಿಟ್ಟಳು, ಮಾತು ಬಿಡಲಿಲ್ಲ.

ರವಿಕುಮಾರ ಮತ್ತು ದುರ್ಗಾದೇವಿಗೆ ಮಕ್ಕಳಾಗಲಿಲ್ಲ. ಒಮ್ಮೆ ಬೀಗರ ಮನೆಯ ಊಟದ ಪಂಕ್ತಿಯಲ್ಲಿ ಹೆಂಗಸೊಬ್ಬಳು ಆ ಮಾತು ಎತ್ತಿದಾಗ ಫಕೀರಮ್ಮ ಎಲೆ ಬಿಟ್ಟು ಎದ್ದು ನಿಂತಿದ್ದಳು. "ನನ್ನ ಸೊಸಿ ಹೊಟ್ಟಿ ಚಿಂತಿ ನಿನಗ್ಯಾಕವಾ? ನಿನ್ನ ಹೊಟ್ಟಿಗೆ ಹೋಳಿಗಿ ಬಿದ್ದಾವಿಲ್ಲೋ ಅಷ್ಟ ನೋಡಿಕೋ," ಎಂದಿದ್ದಳು. ಆಮೇಲೆ ಆ ಬಳಗದಲ್ಲಿ ಯಾರೂ ಆ ವಿಷಯಕ್ಕೆ ಬಾಯಿ ಹಾಕಲಿಲ್ಲ. ದುರ್ಗಾದೇವಿ ಆ ದಿನವನ್ನು ಮರೆತಿರಲಿಲ್ಲ.

ಹೋದ ವರ್ಷ, ಬೇಸಿಗೆ ಶುರುವಾಗುವ ಹೊತ್ತಿಗೆ, ಬೆಳಿಗ್ಗೆ ಚಹಾ ಕುಡಿಯುತ್ತ ಕೂತಿದ್ದವಳ ಕೈಯಿಂದ ಕಪ್ಪು ಜಾರಿತು. ಅದನ್ನು ಎತ್ತಲು ಬಾಗಿದವಳು ಮತ್ತೆ ತಾನಾಗಿ ಏಳಲಿಲ್ಲ. ಕೊಪ್ಪಳದ ಆಸ್ಪತ್ರೆಯಿಂದ ಮನೆಗೆ ಕರೆತಂದಾಗ ಬಲಗೈ, ಬಲಗಾಲು ಸತ್ತುಹೋಗಿದ್ದವು. ಮಾತೂ ಹೋಗಿತ್ತು. ಕೆಲವು ವಾರಗಳ ಮೇಲೆ ಒಂದು ದಿನ ದುರ್ಗಾದೇವಿ ಗಂಜಿ ಕುಡಿಸುವಾಗ ಫಕೀರಮ್ಮ ಸ್ಪಷ್ಟವಾಗಿ "ಬ್ಯಾಡ" ಎಂದಳು. ಮನೆಯವರೆಲ್ಲ ಹಿಗ್ಗಿದರು. ಮಾತು ಬಂತು, ಇನ್ನು ಒಂದೊಂದೇ ಬರುತ್ತದೆ ಎಂದುಕೊಂಡರು. ಮುಂದೆ ಒಂದೂ ಬರಲಿಲ್ಲ.

"ಒಳಗ ಎಲ್ಲಾ ತಿಳೀತೈತ್ರಿ ಅವರಿಗೆ," ಎಂದು ಡಾಕ್ಟರು ಹೇಳಿದ್ದರು. "ಏನು ಹೇಳಬೇಕು ಅನ್ನೂದೂ ಗೊತ್ತಿರತೈತಿ. ಬಾಯಿಗೆ ಬರೋದು ಮಾತ್ರ ಆ ಒಂದ ಮಾತು. ಹೌದು ಅನ್ನಾಕೂ ಅದ, ಅಲ್ಲ ಅನ್ನಾಕೂ ಅದ."

ಹಸಿವಾಯಿತೇ ಎಂದರೆ ಬ್ಯಾಡ ಎಂದು ಬಾಯಿ ತೆರೆಯುತ್ತಿದ್ದಳು. ಕಿಟಕಿ ಮುಚ್ಚಲೇ ಎಂದರೆ ಬ್ಯಾಡ ಎಂದು ತಲೆಯಾಡಿಸುತ್ತಿದ್ದಳು. ಆ ತಲೆಯಾಡಿಸುವುದೂ ಒಮ್ಮೊಮ್ಮೆ ಅವಳ ಮನಸ್ಸಿಗೆ ವಿರುದ್ಧವಾಗಿಯೇ ಆಗುತ್ತಿತ್ತು. ದುರ್ಗಾದೇವಿ ಕಣ್ಣು ನೋಡಿ, ದನಿ ಕೇಳಿ, ಎಡಗೈ ಎತ್ತ ಹೋಗುತ್ತದೆಂದು ಗಮನಿಸಿ ಅರ್ಥ ಹಿಡಿಯುವುದನ್ನು ಕಲಿತಳು. ಬಹಳ ಸಲ ಸರಿಯಾಗುತ್ತಿತ್ತು. ಆಗದೆ ಹೋದಾಗ ಫಕೀರಮ್ಮ ಒಂದೆರಡು ಸಲ ಯತ್ನಿಸಿ, ಗೋಡೆಯ ಕಡೆ ಮುಖ ತಿರುಗಿಸುತ್ತಿದ್ದಳು.

ರವಿಕುಮಾರನಿಗೆ ಪೋರ್ಟ್ ಬ್ಲೇರಿನ ಮಾತು ಹೇಳಿದಾಗ ಮೊದಲು ಅವನು ಕಿವಿಗೇ ಹಾಕಿಕೊಳ್ಳಲಿಲ್ಲ. "ಈಗ ಅದರ ಹೆಸರೂ ಬದಲಾಗೇತಿ. ಶ್ರೀ ವಿಜಯಪುರಂ ಅಂತ. ನೀವು ಇಳಿಯೋದ್ರಾಗ ಇನ್ನೇನಾಗತೈತೋ," ಎಂದು ಚೇಷ್ಟೆ ಮಾಡಿದ. ಆದರೆ ನಾಹೀದಾ ತನ್ನ ಗಂಡ ಅಬ್ದುಲರೌಫನನ್ನು ಕರೆದುಕೊಂಡು ಬಂದು, ಜಾಕೀರ ಕಳಿಸಿದ ವಿಡಿಯೋ ತೋರಿಸಿದ ಸಂಜೆ ಅವನ ಕುರ್ಚಿ ತಾನಾಗಿ ಮುಂದೆ ಸರಿಯಿತು. ದ್ವೀಪದಿಂದ ದ್ವೀಪಕ್ಕೆ ಹೋಗುವ ಹಡಗು ಅದು. ನೀರು ಹಸಿರಾಗಿತ್ತು, ದೂರ ಹೋದಂತೆ ನೀಲಿಯಾಗುತ್ತಿತ್ತು.

"ಇದರ ಎಂಜಿನ್ ನೋಡಾಕ ಬಿಡತಾರೇನು?" ಎಂದು ಕೇಳಿದ. ಬಸ್ಸಿನ ಕೆಳಗೆ ಮಲಗಿ ಅರ್ಧ ಆಯುಷ್ಯ ಕಳೆದವನು. "ಕೇಳಿ ನೋಡು ಅನ್ನು ಜಾಕೀರಗ. ದೂರ ನಿಂತ ನೋಡತೀನಿ. ಮುಟ್ಟೂದಿಲ್ಲ."

"ಎಂಜಿನ್ ಆಮ್ಯಾಲಾತು ಮಾರಾಯಾ, ಮೊದಲ ವಿಮಾನ," ಎಂದ ಅಬ್ದುಲರೌಫ. ಅವನಿಗೆ ವಿಮಾನದ ಹೆಸರು ಕೇಳಿದರೇ ಅಂಗೈ ಬೆವರುತ್ತಿತ್ತು. "ಹಡಗಿನ್ಯಾಗ ಹೋಗೂಣೇನು ಅಂದ್ರ ಇಕಿ ಮೂರು ದಿನ ಹಿಡೀತೈತಿ ಅಂತಾಳ."

ಅಲ್ಲಿಂದ ಮುಂದೆ ಸಂಜೆಗಳು ಬೇರೆಯಾದವು. ಕೊಪ್ಪಳದಿಂದ ರೈಲಿಗೆ ಬೆಂಗಳೂರು, ಅಲ್ಲಿಂದ ವಿಮಾನ. ಇಳಿದ ದಿನ ಸೆಲ್ಯುಲರ್ ಜೈಲು. ದುರ್ಗಾದೇವಿ ಆ ಜೈಲಿನ ಪಾಠವನ್ನು ವರ್ಷ ವರ್ಷ ಮಕ್ಕಳಿಗೆ ಹೇಳಿದ್ದಳು. ಪುಸ್ತಕದಲ್ಲಿನ ಮಸುಕಾದ ಚಿತ್ರ ಬಿಟ್ಟು ಬೇರೇನೂ ಕಂಡಿರಲಿಲ್ಲ. ಮರುದಿನ ರಾಸ್ ದ್ವೀಪ, ಅಲ್ಲಿ ಬೇರುಗಳು ಗೋಡೆಗಳನ್ನೇ ನುಂಗಿದ ಹಳೆಯ ಕಟ್ಟಡಗಳು, ಅಡ್ಡಾಡುವ ಜಿಂಕೆಗಳು. ಆಮೇಲೆ ತಳದಲ್ಲಿ ಗಾಜು ಹಾಕಿದ ದೋಣಿಯಲ್ಲಿ ಕೂತು ನೀರಿನೊಳಗಿನ ಹವಳ ನೋಡುವುದು. ಕೊನೆಯ ದಿನ ಚಿಡಿಯಾ ಟಾಪುವಿನಲ್ಲಿ ಸೂರ್ಯ ಮುಳುಗುವುದು. ಯಾವುದು ಮೊದಲು, ಯಾವುದು ಆಮೇಲೆ ಎಂದು ಜಗಳಾಡಿದರು. ಮಳೆ ಬಂದರೆ ಎಂದು ಚಿಂತೆ ಮಾಡಿದರು. ಬಂದರೆ ಬಂದು ಹೋಗತೈತಿ, ಛತ್ರಿ ತರಬ್ಯಾಡ್ರಿ, ಗಾಳಿಗೆ ನಿಲ್ಲೂದಿಲ್ಲ ಎಂದು ಜಾಕೀರ ಫೋನಿನಲ್ಲಿ ನಕ್ಕ.

ಇಷ್ಟೆಲ್ಲ ನಡೆಯುತ್ತಿದ್ದುದು ಫಕೀರಮ್ಮನ ಮಂಚದ ಪಕ್ಕದಲ್ಲೇ. ಅವಳು ಎಲ್ಲರ ಮುಖವನ್ನೂ ನೋಡುತ್ತಿದ್ದಳು. ದುರ್ಗಾದೇವಿ ಫೋನನ್ನು ಅವಳ ಕಣ್ಣ ಮುಂದೆ ಹಿಡಿದು ಸಮುದ್ರ ತೋರಿಸಿದರೆ ಎಡಗೈಯ ಬೆರಳಿಂದ ಅದರ ಗಾಜನ್ನು ಮುಟ್ಟುತ್ತಿದ್ದಳು. ಮುಟ್ಟಿದ ಕೂಡಲೇ ವಿಡಿಯೋ ನಿಂತುಬಿಡುತ್ತಿತ್ತು. ಅವಳು ಬೆಚ್ಚಿ ಕೈ ತೆಗೆಯುತ್ತಿದ್ದಳು.

ಹುಲಿಗೆವ್ವನಿಗೆ ಫೋನ್ ಮಾಡಿದಾಗ ಅವಳು ಒಂದೇ ಮಾತಿಗೆ ಒಪ್ಪಿದಳು. ಕನಕಗಿರಿಯ ಸಂತೆಯಲ್ಲಿ ಕಾಯಿಪಲ್ಲೆ ಮಾರುವವಳು. "ಒಂದು ಸಂತಿ ತಪ್ಪಿದ್ರ ತಪ್ಪತೈತಿ. ನಮ್ಮವ್ವನ ನಾ ನೋಡಿಕೋತೀನಿ. ನೀವು ಸುಮ್ಮನ ಹೋಗ್ರಿ," ಎಂದಳು. ಟಿಕೀಟು ಆಯಿತು. ದುರ್ಗಾದೇವಿ ಹೊಸ ಚೀಲ ತಂದಳು. ರವಿಕುಮಾರ ಮದುವೆಯಾದ ಹೊಸದರಲ್ಲಿ ಕೊಂಡಿದ್ದ ಕಪ್ಪು ಕನ್ನಡಕ ಹುಡುಕಿ ತೆಗೆದ.

ಉಳಿದದ್ದು ಫಕೀರಮ್ಮನನ್ನು ಕೇಳುವುದು.

ಒಂದು ಮುಂಜಾನೆ ರವಿಕುಮಾರ ಸ್ನಾನ ಮಾಡಿ ಬಂದು ಮಂಚದ ಪಕ್ಕ ಕುಕ್ಕರಗಾಲಲ್ಲಿ ಕೂತ. "ಅವ್ವಾ, ನಾವಿಬ್ಬರೂ ನಾಕು ದಿನ ಹೋಗಿ ಬರತೀವಿ. ಅಕ್ಕ ಬಂದು ಇರತಾಳ. ಹೋಗೂಣೇನು?"

ಫಕೀರಮ್ಮ ಮಗನ ಮುಖವನ್ನೇ ನೋಡಿದಳು. "ಬ್ಯಾಡ."

ಅವನು ಹೆಂಡತಿಯ ಕಡೆ ತಿರುಗಿದ.

"ತಿರುಗಿಸಿ ಕೇಳ್ರಿ," ಎಂದಳು ದುರ್ಗಾದೇವಿ.

"ಹೋಗೂದು ಬಿಡೂಣೇನವಾ? ಇಲ್ಲೇ ಇರೂಣೇನು?"

"ಬ್ಯಾಡ."

ಎರಡು ಸಲವೂ ಅದೇ ದನಿ. ಎಡಗೈ ಹೊದಿಕೆಯ ಅಂಚನ್ನು ಹಿಡಿದುಕೊಂಡೇ ಇತ್ತು. ದುರ್ಗಾದೇವಿ ಬಾಗಿ ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು. ಅಲ್ಲಿ ಏನೋ ಇತ್ತು. ಅದು ಹೋಗಿ ಎನ್ನುವುದೋ, ಹೋಗಬೇಡಿ ಎನ್ನುವುದೋ, ಅಥವಾ ಇವೆರಡಕ್ಕೂ ಸಂಬಂಧವಿಲ್ಲದ ಬೇರೆ ಮಾತೋ, ಅವಳಿಗೆ ಗೊತ್ತಾಗಲಿಲ್ಲ.

"ಊಟಕ್ಕೂ ಬ್ಯಾಡ ಅಂತಾರ, ಉಣ್ಣತಾರ," ಎಂದಳು, ಗಂಡನಿಗೆ ಧೈರ್ಯ ಹೇಳುವಂತೆ. ಅವನು ಹೂಂ ಎಂದ. ಆದರೆ ಆ ದಿನ ಡಿಪೋಕ್ಕೆ ಹೋಗುವಾಗ ಡಬ್ಬಿ ಮರೆತು ಹೋದ.

ಹುಲಿಗೆವ್ವ ಒಂದು ವಾರ ಮೊದಲೇ ಬಂದಳು. ಮೈ ತೊಳೆಸುವುದು, ಮಗ್ಗುಲು ತಿರುಗಿಸುವುದು, ಗುಳಿಗೆ ಕೊಡುವುದು ಎಲ್ಲ ರೂಢಿಯಾಗಲೆಂದು ದುರ್ಗಾದೇವಿಯೇ ಕರೆಸಿದ್ದಳು. ಬೆಳಿಗ್ಗೆ ಬೆರಳಿಗೆ ಅರಿವೆ ಸುತ್ತಿ ಬಾಯಿ ಒರೆಸುವುದನ್ನೂ ತೋರಿಸಿಕೊಟ್ಟಳು. ಪರೀಕ್ಷೆಯ ಪೇಪರು ತಿದ್ದುವುದು, ಅಂಕಗಳನ್ನು ಮೊಬೈಲಿನಲ್ಲಿ ತುಂಬುವುದು, ಬಟ್ಟೆ ಇಸ್ತ್ರಿ ಮಾಡಿಸುವುದು ಎಂದು ಅವಳಿಗೂ ಕೈತುಂಬ ಕೆಲಸವಿತ್ತು.

ಎರಡು ದಿನ ಎಲ್ಲ ಸರಿಯಾಗಿತ್ತು. ಮೂರನೆಯ ದಿನ ಶಾಲೆಯಿಂದ ಬಂದಾಗ ಹುಲಿಗೆವ್ವ ಹೊಸ್ತಿಲಲ್ಲೇ ಕೂತಿದ್ದಳು. ಅತ್ತು ಕಣ್ಣು ಕೆಂಪಾಗಿದ್ದವು.

"ನನ್ನ ಕೈಲೆ ಉಣ್ಣವಲ್ಲಳು ದುರ್ಗವ್ವಾ. ತುತ್ತು ಇಟ್ರ ಉಗುಳಿದಳು. ಬಾಯಿ ಒರಸಾಕ ಹೋದ್ರ ಹಲ್ಲು ಕಚ್ಚಿಕೊಂಡು ಕುಂತಳು. ಹಡದ ಮಗಳ ಕೈ ಬ್ಯಾಡಾತು."

ದುರ್ಗಾದೇವಿ ತಾನೇ ಅನ್ನ ಕಲಸಿ ತಂದಳು. ಒಂದು ತುತ್ತು ಒಳಗೆ ಹೋಯಿತು. ಎರಡನೆಯದಕ್ಕೆ ಫಕೀರಮ್ಮ ಮುಖ ಹಿಂಡಿದಳು, ಎಡಗೈಯಿಂದ ತಟ್ಟೆಯನ್ನು ನೂಕಿದಳು. ನೂಕಿದ ಕೈಯಿಂದಲೇ ತನ್ನ ಬಾಯಿಗೆ ಹೊಡೆದುಕೊಂಡಳು.

"ಬ್ಯಾಡ! ಬ್ಯಾಡ! ಬ್ಯಾಡ!"

"ಅವ್ವಾ, ಹೊಡಕೋಬ್ಯಾಡ," ಎಂದು ಹುಲಿಗೆವ್ವ ಕೈ ಹಿಡಿದಳು. ಹಿಡಿದಷ್ಟೂ ಫಕೀರಮ್ಮ ಕೈ ಬಿಡಿಸಿಕೊಂಡು ಬಾಯಿಗೇ ಒಯ್ದಳು. ರವಿಕುಮಾರ ಬಂದವನು ಬಾಗಿಲಲ್ಲಿ ನಿಂತು ಇದನ್ನೆಲ್ಲ ನೋಡಿದ. ಬೂಟು ಬಿಚ್ಚದೆ ಹೊರಗೆ ಹೋಗಿ ಕಟ್ಟೆಯ ಮೇಲೆ ಕೂತ. ಸ್ವಲ್ಪ ಹೊತ್ತಿಗೆ ದುರ್ಗಾದೇವಿ ಹೋಗಿ ನೋಡಿದರೆ ಅಳುತ್ತಿದ್ದ.

"ಮಾತು ಬರವಲ್ದಂತ ಬಾಯಿಗೆ ಹೊಡಕೊಳ್ಳಾಕತ್ಯಾಳ," ಎಂದ. "ನಾವು ಹೋಗೂದು ಅಕಿಗೆ ಮನಸಿಲ್ಲ. ಇನ್ನ ಹೆಂಗ ಹೇಳಬೇಕು ಅಕಿ?"

ಮರುದಿನವೂ ಅದೇ. ಹಾಲು, ನೀರು, ತಿಳಿಗಂಜಿ ಅಷ್ಟೇ ಇಳಿಯಿತು. ಅದೂ ಎಡ ಮಗ್ಗುಲಾಗಿ, ಮುಖ ಕಿವುಚಿಕೊಂಡು. ಆ ಸಂಜೆ ದುರ್ಗಾದೇವಿಯ ತಾಳ್ಮೆ ಮುಗಿಯಿತು. ಗಂಜಿಯ ಬಟ್ಟಲು ಕೆಳಗೆ ಕುಕ್ಕಿದಳು.

"ನಾ ಏನು ಬಿಟ್ಟು ಓಡಿ ಹೊಂಟೀನೇನ್ರಿ ಅತ್ತೀ? ನಾಕು ದಿನ! ಇಷ್ಟು ದಿನ ನಾ ಎಲ್ಲೆರ ಹೋಗೀನೇನು? ಮದುವಿಗೆ ಹೋಗಲಿಲ್ಲ, ತವರಿಗೆ ಹೋಗಲಿಲ್ಲ. ಒಂದು ಸಲ ನೀರು ನೋಡಿ ಬರತೀನಿ ಅಂದ್ರ ಉಪವಾಸ ಬೀಳತೀರೇನು?"

ಆ ಮನೆಯಲ್ಲಿ ಅವಳು ಅತ್ತೆಗೆ ದನಿ ಎತ್ತಿದ್ದು ಅದೇ ಮೊದಲು. ಫಕೀರಮ್ಮ ಅವಳನ್ನು ನೋಡಿದಳು, ತುಟಿ ಅಲುಗಿತು. ಆ ಒಂದು ಮಾತೂ ಬರಲಿಲ್ಲ. ದುರ್ಗಾದೇವಿ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ನಿಂತಳು.

ಹೊರಡುವ ಹಿಂದಿನ ದಿನ ನಾಹೀದಾ ಬಂದಳು. ನಡೆದುದನ್ನೆಲ್ಲ ಕೇಳಿ ಮಂಚದ ಪಕ್ಕ ಕುರ್ಚಿ ಎಳೆದು ಕೂತಳು. ದುರ್ಗಾದೇವಿಯನ್ನೂ ಪಕ್ಕದಲ್ಲಿ ಕೂರಿಸಿಕೊಂಡಳು. ಇಬ್ಬರ ಕೈಯನ್ನೂ ಫಕೀರಮ್ಮನ ಮುಂದೆ ಚಾಚಿಸಿದಳು.

"ದೊಡ್ಡವ್ವಾ, ಇಲ್ಲಿ ನೋಡ್ರಿ. ದುರ್ಗಾ ಹೋಗಲಿ ಅನ್ನೂದಿದ್ರ ನನ್ನ ಕೈ ಹಿಡೀರಿ. ಹೋಗೂದು ಬ್ಯಾಡ, ಮನ್ಯಾಗ ಇರಲಿ ಅನ್ನೂದಿದ್ರ ಅಕಿ ಕೈ ಹಿಡೀರಿ. ಮಾತು ಬ್ಯಾಡ, ಕೈ ಅಷ್ಟ."

ಫಕೀರಮ್ಮ ಎರಡು ಕೈಗಳನ್ನೂ ನೋಡಿದಳು. ಎಡಗೈ ಎತ್ತಿದಳು. ಅದು ತಡವರಿಸುತ್ತ ಬಂದು ದುರ್ಗಾದೇವಿಯ ಕೈಯನ್ನು ಹಿಡಿಯಿತು. ರವಿಕುಮಾರ ಉಸಿರು ಬಿಟ್ಟ. ಆದರೆ ಫಕೀರಮ್ಮ ಅಷ್ಟಕ್ಕೆ ನಿಲ್ಲಲಿಲ್ಲ. ಹಿಡಿದ ಕೈಯನ್ನು ಎಳೆದು ನಾಹೀದಾಳ ಅಂಗೈಯಲ್ಲಿಟ್ಟಳು. ಇಟ್ಟು, ಮೇಲೆ ತನ್ನ ಕೈ ಒತ್ತಿದಳು.

"ಕರಕೊಂಡು ಹೋಗು ಅಂತಾರ!" ಎಂದಳು ನಾಹೀದಾ. ಅವಳ ಕಣ್ಣು ತುಂಬಿತ್ತು.

"ಮೊದಲ ಹಿಡಿದದ್ದು ದುರ್ಗಾನ ಕೈ," ಎಂದ ರವಿಕುಮಾರ. "ನೀವ ಹೇಳಿದ್ರಿ, ಇರಲಿ ಅಂದ್ರ ಅಕಿ ಕೈ ಅಂತ."

"ಹಿಡಿದು ನನಗ ಕೊಟ್ಟರಲ್ರಿ ಅಣ್ಣಾರ!"

"ಹೋಗಬ್ಯಾಡಂತ ನೀವಾರ ಹೇಳ್ರಿ ಅಂತ ಕೊಟ್ಟಿರಬೇಕು."

ಇಬ್ಬರೂ ವಾದಿಸಿದರು. ಫಕೀರಮ್ಮನ ಕಣ್ಣು ಒಬ್ಬರಿಂದ ಒಬ್ಬರಿಗೆ ಓಡಾಡಿತು. ಕೊನೆಗೆ ಕಣ್ಣು ಮುಚ್ಚಿಕೊಂಡಳು. ಮತ್ತೆ ಕೇಳುವ ಧೈರ್ಯ ಯಾರಿಗೂ ಆಗಲಿಲ್ಲ.

ರಾತ್ರಿ ಊಟದ ಹೊತ್ತಿಗೆ ರವಿಕುಮಾರ ಒಂದು ತೀರ್ಮಾನ ಹೇಳಿದ. "ನೀ ಹೋಗು. ನಾಹೀದಾ ಅದಾಳ, ರೌಫ ಅದಾನ. ನಾ ಇಲ್ಲಿ ಇರತೀನಿ. ಇಬ್ಬರೂ ಹೋದ್ರ ಅವ್ವಗ ಹೆದರಿಕಿ ಆಗತಿರಬೇಕು. ನಾ ಒಬ್ಬ ಇದ್ರ ಸಮಾಧಾನ ಆದೀತು."

"ನಿಮ್ಮನ್ನ ಬಿಟ್ಟು ನಾ ಒಬ್ಬಾಕಿ ಹೆಂಗ ಹೋಗಲಿ?"

"ಎಂಜಿನ್ನಿನ ಫೋಟೋ ತಗೊಂಡು ಬಾ," ಎಂದು ನಗಲು ನೋಡಿದ.

ಅವಳಿಗೆ ಹೋಗುವ ಮನಸ್ಸೂ ಇತ್ತು. ಅದನ್ನು ತನ್ನಿಂದಲೇ ಮುಚ್ಚಿಡಲು ಆಗಲಿಲ್ಲ. ಮರುದಿನ ಮಧ್ಯಾಹ್ನ ಅತ್ತೆಯ ಕಾಲು ಮುಟ್ಟಿ, ಚೀಲ ಎತ್ತಿಕೊಂಡಳು. ಫಕೀರಮ್ಮ ಆಗ ಮಂಪರಿನಲ್ಲಿದ್ದಳು. ಮೈ ತುಸು ಬೆಚ್ಚಗಿದೆ ಎನಿಸಿತು. ಬಿಸಿಲಿಗೆ ಇರಬೇಕು ಎಂದುಕೊಂಡಳು.

ಬಸ್ಸು ಕುಕನೂರು ದಾಟಿ ಎರೆ ಹೊಲಗಳ ನಡುವೆ ಓಡಿತು. ನಾಹೀದಾ ಕಿಟಕಿಯ ಪಕ್ಕದ ಸೀಟನ್ನು ಅವಳಿಗೇ ಬಿಟ್ಟುಕೊಟ್ಟಿದ್ದಳು. ಅಬ್ದುಲರೌಫ ಮುಂದಿನ ಸೀಟಿನಿಂದ ತಿರುಗಿ ತಿರುಗಿ ವಿಮಾನದಲ್ಲಿ ಕಿವಿ ಮುಚ್ಚಿಕೊಂಡರೆ ಅಂಜಿಕೆ ಕಡಿಮೆಯಾಗುತ್ತದೆಯೇ ಎಂದು ಕೇಳುತ್ತಿದ್ದ. ದುರ್ಗಾದೇವಿ ನಕ್ಕಳು. ನಗುತ್ತಿದ್ದೇನಲ್ಲ ಎಂದು ಅವಳಿಗೇ ಆಶ್ಚರ್ಯವಾಯಿತು. ಅತ್ತೆಗೆ ಮಾತು ಹೋದ ಮೇಲೆ ಅವಳು ಹೀಗೆ, ಮುಂದೆ ಮಾಡಬೇಕಾದ ಕೆಲಸ ನೆನೆಯದೆ, ಕಿಟಕಿಯ ಹೊರಗೆ ನೋಡುತ್ತ ಕೂತಿದ್ದೇ ಇಲ್ಲ.

ಕೊಪ್ಪಳದ ರೈಲು ನಿಲ್ದಾಣದಲ್ಲಿ ರೈಲಿಗೆ ಇನ್ನೂ ಬಹಳ ಹೊತ್ತಿತ್ತು. ಬೆಂಚಿನ ಮೇಲೆ ಕೂತು ನಾಹೀದಾ ಕಟ್ಟಿಕೊಂಡು ಬಂದಿದ್ದ ಗಂಟು ಬಿಚ್ಚಿದಳು. ಅಷ್ಟರಲ್ಲಿ ಫೋನು ಬಂತು. ರವಿಕುಮಾರ.

"ಮುಟ್ಟಿದ್ರೇನು?" ಎಂದ.

"ಮುಟ್ಟಿದ್ವಿ. ಅತ್ತಿ ಏನು ಮಾಡಾಕತ್ಯಾರ?"

ಹಿಂದೆ ಹುಲಿಗೆವ್ವ "ಅವ್ವಾ, ಅವ್ವಾ" ಎನ್ನುವುದು ಕೇಳಿತು.

"ಏನೂ ಇಲ್ಲ. ನೀ ಹೋಗು."

"ಏನಾತು ಹೇಳ್ರಿ."

"ನೀರೂ ಕುಡೀವಲ್ಲಳು. ಮೈ ಸುಡಾಕತ್ತೈತಿ. ನೀ ಹೋದಿಂದ ಬಾಗಿಲ ಕಡೆ ನೋಡಿ ಅಳಾಕತ್ಯಾಳ. ನಾ ಏನು ಮಾಡಬೇಕು ತಿಳೀವಲ್ದು ದುರ್ಗಾ." ತಕ್ಷಣ ಮತ್ತೆ, "ನೀ ಹೋಗು. ನಾ ಡಾಕ್ಟರನ್ನ ಕರೀತೀನಿ. ನೀ ಬಂದು ಏನು ಮಾಡತೀ," ಎಂದ. ಆ ದನಿ ಹೋಗು ಎನ್ನುತ್ತಿರಲಿಲ್ಲ.

ದುರ್ಗಾದೇವಿ ಫೋನು ಇಟ್ಟು ಹಳಿಗಳ ಕಡೆ ನೋಡುತ್ತ ಕೂತಳು. ನಾಹೀದಾ ರೊಟ್ಟಿಯ ಗಂಟನ್ನು ಮತ್ತೆ ಕಟ್ಟಿದಳು.

"ನಾನೂ ಬರತೀನಿ ನಿನ್ನ ಜೋಡಿ," ಎಂದಳು.

"ಹುಚ್ಚಿ ಅದೀ ಏನು? ಜಾಕೀರ ದಾರಿ ನೋಡತಿರತಾನ. ಹೋಗ್ರಿ ನೀವು." ಚೀಲ ಹೆಗಲಿಗೆ ಹಾಕಿಕೊಂಡಳು. ಸಿಟ್ಟು ಬಂದಿತ್ತು. ಯಾರ ಮೇಲೆ ಎಂದು ಕೇಳಿದರೆ ಹೇಳಲಾರದಂಥ ಸಿಟ್ಟು. ಬಸ್ ನಿಲ್ದಾಣಕ್ಕೆ ಆಟೋದಲ್ಲಿ ಹೋಗುವಾಗ ದಾರಿಯುದ್ದಕ್ಕೂ ಸೆರಗಿನಿಂದ ಮೂಗು ಒರೆಸಿಕೊಂಡಳು. ಆಟೋದವನು ಕನ್ನಡಿಯಲ್ಲಿ ನೋಡಿ ರೇಡಿಯೋ ಸಣ್ಣದು ಮಾಡಿದ.

ಮನೆ ಮುಟ್ಟಿದಾಗ ಹೊತ್ತು ಮುಳುಗುತ್ತಿತ್ತು. ಬಂದ ಡಾಕ್ಟರು ಜ್ವರಕ್ಕೆ ಇಂಜೆಕ್ಷನ್ ಮಾಡಿ, ಊಟ ಬಿಟ್ಟರೆ ಸಲೈನ್ ಹಾಕಬೇಕಾದೀತು ಎಂದು ಹೇಳಿ ಹೋಗಿದ್ದರು. ಬಾಗಿಲಲ್ಲಿ ಚೀಲ ಹಿಡಿದು ನಿಂತ ಸೊಸೆಯನ್ನು ಕಂಡು ಫಕೀರಮ್ಮನ ಮುಖ ಒಮ್ಮೆಲೇ ಕಿವುಚಿಹೋಯಿತು. ಚೀಲವನ್ನು ನೋಡಿದಳು, ಸೊಸೆಯನ್ನು ನೋಡಿದಳು, ಕಣ್ಣಿಂದ ನೀರು ಕಿವಿಯತ್ತ ಹರಿಯಿತು. ಬಂದಳೆಂದು ಅತ್ತಳೋ, ಬರಬಾರದಿತ್ತೆಂದು ಅತ್ತಳೋ.

ದುರ್ಗಾದೇವಿ ಚೀಲ ಒಂದು ಮೂಲೆಗಿಟ್ಟು ಮಂಚದ ಮೇಲೆ ಕೂತಳು. ಬಯ್ಯುವ ಶಕ್ತಿಯೂ ಉಳಿದಿರಲಿಲ್ಲ, ಸಮಾಧಾನ ಹೇಳುವ ಶಕ್ತಿಯೂ ಇರಲಿಲ್ಲ. "ಏನಾತ್ರಿ ಅತ್ತೀ?" ಎಂದಳು ಅಷ್ಟೇ. "ಏನಾಗೇತಿ ನಿಮಗ?"

ಫಕೀರಮ್ಮನ ಎಡಗೈ ಎದ್ದಿತು. ಬಾಯಿಗೆ ಬಡಿಯಿತು.

ಹುಲಿಗೆವ್ವ ಹಿಡಿಯಲು ಬಂದಳು. "ಬಿಡಕ್ಕಾ," ಎಂದಳು ದುರ್ಗಾದೇವಿ. "ಹಿಡೀಬ್ಯಾಡ. ಏನು ಮಾಡತಾರ ನೋಡೂಣು."

ಕೈ ಮತ್ತೆ ಬಡಿಯಿತು. ಈ ಸಲ ದುರ್ಗಾದೇವಿ ಬಾಯನ್ನು ನೋಡಲಿಲ್ಲ, ಕೈಯನ್ನು ನೋಡಿದಳು. ಅದು ತುಟಿಗೆ ಬಡಿಯುತ್ತಿರಲಿಲ್ಲ. ಬಲಗೆನ್ನೆಗೆ ಹೋಗಲು ನೋಡಿ, ಅಲ್ಲಿಯ ತನಕ ಸಾಗದೆ ತುಟಿಯ ಮೇಲೆ ಬೀಳುತ್ತಿತ್ತು. ಅವಳು ಆ ಕೈ ಹಿಡಿದು ತನ್ನ ಬೆರಳನ್ನು ಅದರೊಳಗಿಟ್ಟಳು. ಫಕೀರಮ್ಮ ಬೆರಳನ್ನು ಗಟ್ಟಿಯಾಗಿ ಹಿಡಿದು ತನ್ನ ಬಲಗೆನ್ನೆಗೆ ಒಯ್ದಳು. ಒಯ್ದು ಮುಟ್ಟಿಸಿ, ನರಳಿದಳು.

"ರೀ, ಫೋನಿನ ಲೈಟ್ ಹಚ್ಚ್ರಿ."

ಬಾಯಿ ತೆರೆಸಲು ಹೊತ್ತು ಹಿಡಿಯಿತು. ಒಳಗಿಂದ ಕೆಟ್ಟ ವಾಸನೆ ಬಂತು. ಬೆಳಕು ಬಿದ್ದಾಗ ಮೂವರೂ ಬಾಗಿದರು. ಬಲಗಡೆಯ ದವಡೆಹಲ್ಲೊಂದು ಒಡೆದು ಚೂಪಾಗಿ ನಿಂತಿತ್ತು. ಸೋತುಬಿದ್ದ ಕೆನ್ನೆ ಅದಕ್ಕೆ ಸಿಕ್ಕಿ, ಒಳಗೆಲ್ಲ ಹುಣ್ಣಾಗಿ ಬೆಳ್ಳಗೆ ಕೀವು ಕಟ್ಟಿತ್ತು. ಅನ್ನದ ಅಗುಳುಗಳು ಅದರಲ್ಲೇ ಸಿಕ್ಕಿಕೊಂಡಿದ್ದವು.

ರವಿಕುಮಾರನ ಕೈಯಲ್ಲಿದ್ದ ಬೆಳಕು ಜಾರಿ ಗೋಡೆಯ ಮೇಲೆ ಹೋಯಿತು.

"ಇಷ್ಟು ದಿನ ಇದನ್ನ ಹೇಳಾಕತ್ತಿದ್ದಳು," ಎಂದಳು ಹುಲಿಗೆವ್ವ. "ನಾ ಕೈ ಹಿಡದು ಹಿಡದು ನಿಲ್ಲಿಸಿದೆ. ಅಯ್ಯೋ ನಮ್ಮವ್ವಾ."

ದುರ್ಗಾದೇವಿ ಬೆಚ್ಚಗಿನ ಉಪ್ಪುನೀರು ತಂದು, ಹತ್ತಿಯಲ್ಲಿ ಅದ್ದಿ, ಒಂದೊಂದೇ ಅಗುಳನ್ನು ತೆಗೆದಳು. ಮುಟ್ಟಿದಾಗಲೆಲ್ಲ ಫಕೀರಮ್ಮ ಅವಳ ಮಣಿಕಟ್ಟನ್ನು ಹಿಂಡಿದಳು. ಆದರೂ ಬಾಯಿ ಮುಚ್ಚಲಿಲ್ಲ. ಉಪವಾಸ ಬೀಳತೀರೇನು ಎಂದು ಕೂಗಿದ್ದು ದುರ್ಗಾದೇವಿಗೆ ನೆನಪಾಗಿ ಕಣ್ಣು ಮಂಜಾಯಿತು. ತಪ್ಪಾಯಿತು ಎಂದು ಹೇಳಿದರೆ ಅತ್ತೆ ಏನು ಹೇಳಿಯಾಳು? ಅವಳಿಗೆ ಕ್ಷಮಿಸಲೂ ಬೇರೆ ಮಾತಿರಲಿಲ್ಲ. ದುರ್ಗಾದೇವಿ ಸುಮ್ಮನೆ ಹತ್ತಿ ಅದ್ದಿದಳು.

ಬೆಳಿಗ್ಗೆ ಗಾಡಿ ಮಾಡಿಕೊಂಡು ಕೊಪ್ಪಳಕ್ಕೆ ಹೋದರು. ಹಲ್ಲಿನ ಡಾಕ್ಟರು ಬಾಯಿ ನೋಡಿ, "ಇಷ್ಟಾಗೋ ತನಕ ಏನ್ರಿ ಮಾಡಾಕತ್ತಿದ್ರಿ?" ಎಂದು ಸಿಡುಕಿದರು. ರವಿಕುಮಾರ ತಲೆ ತಗ್ಗಿಸಿದ. ರಕ್ತ ತೆಳುವಾಗುವ ಗುಳಿಗೆ ನಡೆದಿದ್ದರಿಂದ ಹಲ್ಲು ಕೂಡಲೇ ಕೀಳುವಂತಿರಲಿಲ್ಲ. ಚೂಪನ್ನು ಉಜ್ಜಿ ನುಣುಪು ಮಾಡಿ, ಹುಣ್ಣಿಗೆ ಔಷಧಿ ಹಚ್ಚಿದರು. ವಾರ ಬಿಟ್ಟು ಬನ್ನಿ ಎಂದರು. ಮರಳಿ ಬರುವ ದಾರಿಯಲ್ಲಿ ಫಕೀರಮ್ಮ ಸೊಸೆಯ ಹೆಗಲಿಗೆ ತಲೆ ಇಟ್ಟು ಮಲಗಿಬಿಟ್ಟಳು. ಬಾಯಿ ತುಸು ತೆರೆದಿತ್ತು. ದಿನಗಳ ಮೇಲೆ ಬಂದ ನಿದ್ದೆ. ಎತ್ತಲೋ ಆಕಾಶದಲ್ಲಿ ಈಗ ನಾಹೀದಾ ಕೂತಿರಬೇಕು ಎಂದು ದುರ್ಗಾದೇವಿಗೆ ಅನಿಸಿತು. ಹೆಗಲು ಜೋಮು ಹಿಡಿದರೂ ಅಲುಗಾಡಲಿಲ್ಲ.

ಎರಡು ದಿನಕ್ಕೆ ಜ್ವರ ಬಿಟ್ಟಿತು. ಫಕೀರಮ್ಮ ಹಾಲನ್ನ ಉಂಡಳು. ಮಗಳ ಕೈಯಿಂದಲೂ ಉಂಡಳು. ಹುಲಿಗೆವ್ವ ಒಂದೊಂದು ತುತ್ತಿಗೂ ತಾಯಿಯ ಗದ್ದ ಸವರಿದಳು.

ಸೊಸೆ ಹೋಗುವುದು ಅವಳಿಗೆ ಬೇಕಿತ್ತೋ ಬೇಡವಾಗಿತ್ತೋ ಎಂಬುದು ಮಾತ್ರ ತಿಳಿಯಲೇ ಇಲ್ಲ. ರವಿಕುಮಾರ ಒಮ್ಮೆ ಆ ಮಾತು ಎತ್ತಲು ನೋಡಿದ. ದುರ್ಗಾದೇವಿ ಕೈ ಅಡ್ಡ ಮಾಡಿದಳು. ಕೇಳಿದರೆ ಮತ್ತೆ ಆ ಮುದುಕಿ ಎಲ್ಲ ಬಲ ಹಾಕಿ ಹೇಳಲು ನೋಡಬೇಕು, ಇವರು ಮತ್ತೆ ಮುಖ ಮುಖ ನೋಡಿಕೊಳ್ಳಬೇಕು. ಅದಕ್ಕಿಂತ ಕೇಳದಿರುವುದೇ ವಾಸಿ ಎಂದುಕೊಂಡಳು.

ಸಂತೆಯ ಹಿಂದಿನ ದಿನ ಹುಲಿಗೆವ್ವ ಊರಿಗೆ ಹೊರಟಳು. ದುರ್ಗಾದೇವಿ ಬಸ್ ನಿಲ್ದಾಣಕ್ಕೆ ಕಳಿಸಲು ಹೋದಳು. ಗಂಗಾವತಿಯ ಬಸ್ಸು ನಿಂತಿತ್ತು. ಜನ ಕಿಟಕಿಯಿಂದ ಟವೆಲು ಎಸೆದು ಸೀಟು ಹಿಡಿಯುತ್ತಿದ್ದರು. ಹುಲಿಗೆವ್ವ ಗಂಟು ಹಿಡಿದು ಮೆಟ್ಟಿಲ ಬಳಿ ನಿಂತಳು.

"ಮುಂದಿನ ವರ್ಷ ಹೋಗ್ರಿ ದುರ್ಗವ್ವಾ. ನಾ ಮತ್ತ ಬರತೀನಿ. ಆಗ ಬಾಯಿ ದಿನಾ ನೋಡತೀನಿ."

"ಹೂಂ ಅಕ್ಕಾ."

"ಹೂಂ ಅಂದು ಸುಮ್ಮನಾಗಬ್ಯಾಡ. ಹೋಗಬೇಕು."

"ಹೋಗೂಣು," ಎಂದಳು ದುರ್ಗಾದೇವಿ. ಅವಳ ಗಂಟನ್ನು ಮೇಲಕ್ಕೆ ದಾಟಿಸಿದಳು.

ಬಸ್ಸು ಹಿಂದಕ್ಕೆ ಸರಿದು, ತಿರುಗಿ, ಧೂಳೆಬ್ಬಿಸಿ ಹೋಯಿತು. ಕಿಟಕಿಯಿಂದ ಬೀಸಿದ ಕೈ ಹುಲಿಗೆವ್ವನದೋ ಬೇರೆಯವರದೋ ಗೊತ್ತಾಗಲಿಲ್ಲ. ದುರ್ಗಾದೇವಿ ಒಂದು ಗಳಿಗೆ ಅಲ್ಲೇ ನಿಂತಳು. ರವಿಕುಮಾರ ಡಿಪೋಕ್ಕೆ ಹೊರಡುವ ಹೊತ್ತಾಗಿತ್ತು. ಅತ್ತೆಯನ್ನು ಇನ್ನೊಂದು ಮಗ್ಗುಲಿಗೆ ತಿರುಗಿಸುವ ಹೊತ್ತೂ ಅದೇ. ಅವಳು ಸೆರಗು ಸಿಗಿಸಿಕೊಂಡು ಮನೆಯ ಕಡೆ ಬಿರಬಿರನೆ ನಡೆದಳು.